ಎಡಕ್ಕೆ ತಿರುಗಿದ ವಿಮಾನ

ಕೆಂಗೇರಿಯಿಂದ ಫೋನು ಬಂದಾಗ ನಾನು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದೆ. ಒಂದು ಕಾಲಕ್ಕೆ ನಮ್ಮ ಎದುರುಮನೆಯಲ್ಲಿದ್ದ ಅಣ್ಣನ ಪಕ್ಕದ ಮನೆಯವರಂತೆ, ನನಗೆ ಪರಿಚಯವಿಲ್ಲದ ದನಿ. ಬೆಳಗಿನ ಜಾವ ಅಣ್ಣ ಮಲಗಿದ್ದಲ್ಲೇ ಹೋಗಿಬಿಟ್ಟರಂತೆ. ಏನಾದರೂ ಆದರೆ ನಿಮಗೊಂದು ಮಾತು ತಿಳಿಸಬೇಕು ಎಂದು ಹಿಂದೆಯೇ ಹೇಳಿಟ್ಟಿದ್ದರಂತೆ. ಫೋನು ಇಟ್ಟ ಮೇಲೆ ನಾನು ಮಾಡಿದ ಮೊದಲ ಕೆಲಸವೆಂದರೆ ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ನೆಟ್ಟಗೆ ಮಾಡಿದ್ದು. ಅದು ಒಂದು ಕಡೆಗೆ ವಾಲಿತ್ತು, ಎಷ್ಟು ದಿನದಿಂದ ವಾಲಿತ್ತೋ ಏನೋ. ಆಮೇಲೆ ಕುರ್ಚಿಯ ಮೇಲೆ ಕೂತು ಅತ್ತೆ.

ಎಪ್ಪತ್ತರ ದಶಕದಲ್ಲಿ ನಾವು ರಾಜಾಜಿನಗರದ ಒಂದು ವಠಾರದಲ್ಲಿದ್ದೆವು. ನಾನು ಆಗತಾನೆ ಮದುವೆಯಾಗಿ ಬಂದವಳು. ನಮ್ಮ ಬಾಗಿಲಿಗೆ ಎದುರಾಗಿ ಅವರ ಬಾಗಿಲು, ನಡುವೆ ಅಂಗಳ, ಅಂಗಳದ ಮೂಲೆಯಲ್ಲಿ ಎಲ್ಲರಿಗೂ ಸೇರಿ ಒಂದೇ ನಲ್ಲಿ. ಅವರು ವಿಮಾನದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ವಿಮಾನ ಮಾಡುವವರಲ್ಲ, ಮಾಡಿದ್ದನ್ನು ನೋಡುವವರು. ಬೇರೆಯವರು ಕಡೆದು ತಂದಿಟ್ಟ ಭಾಗಗಳನ್ನು ಅಳೆದು, ಬೆಳಕಿಗೆ ಹಿಡಿದು, ಸರಿಯಿದ್ದರೆ ತಮ್ಮ ಮುದ್ರೆ ಒತ್ತುವುದು, ಇಲ್ಲವಾದರೆ ಕೆಂಪು ಬಣ್ಣ ಬಳಿದು ಪಕ್ಕಕ್ಕೆಸೆಯುವುದು. ಇನ್‌ಸ್ಪೆಕ್ಷನ್ ಎಂದು ಆ ಕೆಲಸಕ್ಕೆ ಹೆಸರು. ಹಾಗಾಗಿ ವಠಾರದವರೆಲ್ಲ ಅವರನ್ನು ಇನ್‌ಸ್ಪೆಕ್ಟರು ಎನ್ನುತ್ತಿದ್ದರು. ಹೊಸದಾಗಿ ಬಾಡಿಗೆಗೆ ಬಂದ ಒಬ್ಬರು ಪೊಲೀಸಿನವರೆಂದೇ ತಿಳಿದು ಬಹಳ ದಿನ ಬಗ್ಗಿ ಬಗ್ಗಿ ನಮಸ್ಕಾರ ಹಾಕಿದರು. ನಾವ್ಯಾರೂ ತಿದ್ದಲಿಲ್ಲ. ನಾನು ಮಾತ್ರ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆ.

ಅವರ ಕಾಟ ಅಷ್ಟಿಷ್ಟಲ್ಲ. ಬೆಳಿಗ್ಗೆ ಕಾರ್ಖಾನೆಯ ಬಸ್ಸಿಗೆ ಹೊರಡುವ ಹೊತ್ತಿಗೆ ನಾನು ಬಾಗಿಲಲ್ಲಿ ರಂಗೋಲಿ ಇಡುತ್ತಿರುತ್ತಿದ್ದೆ. ಊಟದ ಡಬ್ಬಿ ಹಿಡಿದುಕೊಂಡು ದಾಟಿ ಹೋಗುತ್ತಾ, ತಲೆಯೆತ್ತದೆ, ಮೇಲುಗಡೆ ಒಂದು ಚುಕ್ಕಿ ಕಮ್ಮಿಯಿದೆ ಎಂದು ಹೇಳಿ ಹೋಗಿಬಿಡುತ್ತಿದ್ದರು. ಎಣಿಸಿ ನೋಡಿದರೆ ಹೌದು, ಕಮ್ಮಿಯೇ. ನನಗೆ ಮೈಯೆಲ್ಲ ಉರಿಯುತ್ತಿತ್ತು. ನಮ್ಮ ಮನೆಗೆ ಕಾಫಿಗೆ ಬಂದರೆ ಲೋಟವನ್ನು ಕೆಳಗಿಟ್ಟು ಬೆರಳಿಂದ ಒಮ್ಮೆ ತಟ್ಟುವುದು, ಅಲ್ಲಾಡಿದರೆ ಲೋಟವನ್ನೂ ನನ್ನನ್ನೂ ಒಂದು ಸಲ ನೋಡುವುದು. ಬಾಗಿಲ ಚೌಕಟ್ಟು, ಕಿಟಕಿಯ ಸರಳು, ನಮ್ಮವರ ಸೈಕಲ್ಲಿನ ಚಕ್ರ, ಯಾವುದನ್ನೂ ಬಿಡುತ್ತಿರಲಿಲ್ಲ. ಒಂದು ಕಣ್ಣು ಮುಚ್ಚಿ ಇನ್ನೊಂದು ಕಣ್ಣಲ್ಲಿ ಉದ್ದಕ್ಕೂ ದೃಷ್ಟಿ ಹಾಯಿಸುತ್ತಿದ್ದರು. ನಾನು ಲಟ್ಟಿಸಿದ ಚಪಾತಿಯನ್ನು ಆ ಕಣ್ಣಿಗೆ ಬೀಳದ ಹಾಗೆ ಮಡಿಚಿ ಬಡಿಸುವುದನ್ನು ಕಲಿತೆ. ಅದನ್ನೂ ಬಿಡಿಸಿ ನೋಡಿ ತಿಂದ ಮಹಾನುಭಾವರು.

ಒಂದು ಸಲ ಬೇಸಿಗೆಯಲ್ಲಿ ನೀರಿಗೆಂದು ಹೊಸ ಮಣ್ಣಿನ ಮಡಕೆ ತಂದರು. ಅಂಗಳದ ಕಲ್ಲಿನ ಮೇಲಿಟ್ಟರೆ ಅದು ಒಂದು ಚೂರು ಪಕ್ಕಕ್ಕೆ ವಾಲಿತು. ಸುತ್ತ ತಿರುಗಿಸಿ ನೋಡಿದರು. ಎತ್ತಿಕೊಂಡು ಹೋಗಿ ಕಾಂಪೌಂಡಿನ ಹೊರಗೆ ಹಾಕಿ ಒಡೆದೇಬಿಟ್ಟರು. ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿದ್ದ ಹೆಂಗಸರೆಲ್ಲ ಬಿಟ್ಟ ಬಾಯಿ ಬಿಟ್ಟಂತೆ ನಿಂತರು. ಹೊಸ ಮಡಕೆ, ಅದೂ ಮನೆ ಮುಂದೆ, ಯಾರಾದರೂ ಒಡೆಯುತ್ತಾರಾ? ತನಗೆ ಬೇಡವಾಗಿದ್ದರೆ ನಮಗೆ ಕೊಡಬಾರದಿತ್ತೇ ಎಂದು ಯಾರೋ ಗೊಣಗಿದರು. ಅಂದು ಸಂಜೆ ನಾನು ಜಗಳಕ್ಕೇ ಹೋದೆ. ಅವರು ಸಮಾಧಾನವಾಗಿ ವಿವರಿಸಿದರು. ಕಾರ್ಖಾನೆಯಲ್ಲಿ ಬೇಡವೆಂದದ್ದನ್ನು ಹಾಗೇ ಬಿಡುವುದಿಲ್ಲವಂತೆ. ಬಗ್ಗಿಸಿಯೋ ಮುರಿದೋ ಹಾಕುತ್ತಾರಂತೆ. ಬಿಟ್ಟರೆ ಯಾರೋ ತಿಳಿಯದೆ ಅದನ್ನೇ ಎತ್ತಿ ಜೋಡಿಸಿಬಿಟ್ಟಾರು. ಆಮೇಲೆ ಮೇಲೆ ಹೋದವರು ಕೆಳಗೆ ಬೀಳುತ್ತಾರೆ.

"ಕೆಟ್ಟದ್ದು ಕೈಗೆ ಸಿಗೋ ಹಾಗೆ ಇರಬಾರದು ಕಣಮ್ಮ," ಎಂದರು. "ಮುರಿದು ಹಾಕಿದ್ರೇನೇ ನಂಗೆ ನಿದ್ದೆ ಬರೋದು."

ಇಷ್ಟು ಹೇಳಿದರೆ ಮುಖ ಗಂಟಿಕ್ಕಿಕೊಂಡ ಮನುಷ್ಯನ ಚಿತ್ರ ನಿಮ್ಮ ಕಣ್ಣಿಗೆ ಬಂದೀತು. ಹಾಗಿರಲಿಲ್ಲ ಅವರು. ತೆಳ್ಳಗಿನ ಆಸಾಮಿ, ಮೆಲ್ಲಗಿನ ಮಾತು. ಸೀಮೆಎಣ್ಣೆ ಸಾಲಿನಲ್ಲಿ ನಿಂತರೆ ನಮ್ಮ ಡಬ್ಬವನ್ನೂ ತುಂಬಿಸಿಕೊಂಡು ಬರುತ್ತಿದ್ದರು. ನಮ್ಮವರಿಗೆ ಟೈಫಾಯ್ಡ್ ಆಗಿ ಮಲಗಿದಾಗ ರಜೆ ಹಾಕಿ ಆಸ್ಪತ್ರೆಯಲ್ಲಿ ಕೂತಿದ್ದರು. ಆದರೆ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಹೊಸ್ತಿಲ ಮೇಲೆ ಕೂತು, ಎದುರಿಗೆ ಏನೂ ಇಲ್ಲದೆ ಸುಮ್ಮನೆ ಅಂಗಳ ನೋಡುತ್ತಿದ್ದರಲ್ಲ, ಆಗ ಅವರ ಹತ್ತಿರ ಹೋಗಿ ಮಾತಾಡಿಸಲು ನನಗೂ ಧೈರ್ಯ ಬರುತ್ತಿರಲಿಲ್ಲ.

ಅವರ ಊರು ದಾವಣಗೆರೆ ಕಡೆ. ಹೆಂಡತಿ ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಹೋದವರು ವಾಪಸು ಬರಲಿಲ್ಲ. ಹೆರಿಗೆಯಲ್ಲೇ ತೀರಿಕೊಂಡರು. ಹೆಣ್ಣು ಮಗು ಉಳಿಯಿತು, ಅಜ್ಜ ಅಜ್ಜಿಯ ಮಡಿಲಲ್ಲೇ ಬೆಳೆಯಿತು. ಇವರು ಹಬ್ಬಕ್ಕೆ ಹುಣ್ಣಿಮೆಗೆ ಹೋಗಿ ನೋಡಿಕೊಂಡು ಬರುತ್ತಿದ್ದರು. ಮಗು ಇವರನ್ನು ಕಂಡರೆ ಅಜ್ಜಿಯ ಸೆರಗಿನಲ್ಲಿ ಅಡಗುತ್ತಿತ್ತಂತೆ. ಇನ್ನೊಂದು ಮದುವೆಯ ಮಾತನ್ನು ಎಷ್ಟೋ ಜನ ತಂದರು, ಇವರು ಕಿವಿಗೇ ಹಾಕಿಕೊಳ್ಳಲಿಲ್ಲ. ಅವರ ಮನಸ್ಸಿನಲ್ಲಿದ್ದದ್ದು ಒಂದೇ, ಮಗುವನ್ನು ಶಾಲೆಗೆ ಹಾಕುವ ಹೊತ್ತಿಗೆ ತಮ್ಮ ಹತ್ತಿರ ಕರೆಸಿಕೊಳ್ಳಬೇಕು.

ಆ ವರ್ಷ ಅದಕ್ಕೆ ತಯಾರಿ ನಡೆಯಿತು. ಹಗಲು ಹೊತ್ತು ಮಗುವನ್ನು ನೋಡಿಕೊಳ್ಳುವುದು ನಾನೆಂದು ನಾನೇ ಹೇಳಿದ್ದೆ. ನನಗೂ ಆಗ ಮಕ್ಕಳಾಗಿರಲಿಲ್ಲ, ಮನೆ ಬಿಕೋ ಎನ್ನುತ್ತಿತ್ತು. ಹತ್ತಿರದ ಶಾಲೆಯಲ್ಲಿ ಮಾತಾಡಿ ಬಂದರು. ಚಿಕ್ಕ ತಟ್ಟೆ, ಚಿಕ್ಕ ಲೋಟ ತಂದರು, ತಟ್ಟಿ ನೋಡಿಯೇ ತಂದಿರಬೇಕು. ಒಂದು ದಿನ ಗೋಡೆಗೆ ಮೊಳೆ ಹೊಡೆಯುವ ಸದ್ದು ಕೇಳಿ ಹೋಗಿ ನೋಡಿದರೆ, ನನ್ನ ಸೊಂಟದಷ್ಟು ಎತ್ತರದಲ್ಲಿ ಒಂದು ಗೂಟ ಬಡಿಯುತ್ತಿದ್ದಾರೆ. ಇಷ್ಟು ಕೆಳಗೆ ಯಾರಿಗೆ ಎಂದು ಕೇಳಿದೆ. ಸ್ಕೂಲ್ ಬ್ಯಾಗ್ ತೂಗುಹಾಕಲು, ಅವಳಿಗೆ ಕೈಗೆಟುಕಬೇಕಲ್ಲ ಎಂದರು. ಅವರು ನಗುತ್ತಿದ್ದುದನ್ನು ನಾನು ಹೆಚ್ಚು ಕಂಡಿಲ್ಲ, ಅವತ್ತು ಕಂಡೆ.

ಅಜ್ಜ ಒಂದು ಷರತ್ತು ಹಾಕಿದ್ದರು. ಶಾಲೆ ಶುರುವಾಗುವ ಮೊದಲು ಮಗುವನ್ನು ಕರೆದುಕೊಂಡು ಬರುತ್ತೇನೆ, ಎರಡು ದಿನ ಇರುತ್ತೇವೆ. ಅವಳಾಗಿಯೇ ಇರುತ್ತೇನೆ ಎಂದರೆ ಬಿಟ್ಟು ಹೋಗುತ್ತೇನೆ, ಅಳಿಸಿ ಬಿಟ್ಟು ಹೋಗಲು ನನ್ನ ಕೈಲಾಗದು. ತಪ್ಪು ಹೇಳಲಾಗದ ಮಾತು. ಸತ್ತ ಮಗಳ ಮಗು ಅದು, ಆ ಮುದುಕರ ಜೀವವೆಲ್ಲ ಅದರಲ್ಲೇ ಇತ್ತು.

ಬಂದರು. ಮಗುವಿಗೆ ಎರಡು ಜಡೆ, ಕೆಂಪು ಟೇಪು, ಅಜ್ಜನ ಪಂಚೆಯ ಅಂಚನ್ನು ಬಿಟ್ಟ ಕೈಯಲ್ಲ. ಅಪ್ಪ ಕೊಟ್ಟ ಬಿಸ್ಕತ್ತನ್ನು ಅಜ್ಜನ ಕೈಗೆ ಕೊಟ್ಟು, ಅಜ್ಜ ವಾಪಸು ಕೊಟ್ಟ ಮೇಲೆ ತಿಂದಿತು. ಇವರೋ, ಮಕ್ಕಳ ಜೊತೆ ಮಾತಾಡಿ ಗೊತ್ತಿದ್ದರೆ ತಾನೆ! ಸ್ಕೂಲು ತೋರಿಸಲಾ ಎನ್ನುತ್ತಾರೆ, ಮಗು ಸುಮ್ಮನೆ. ಗೂಟ ತೋರಿಸಿದರು, ಮಗು ಗೂಟ ನೋಡಿ ನೆಲ ನೋಡಿತು. ಮೊದಲ ದಿನವಿಡೀ ಹೀಗೇ ಕಳೆಯಿತು. ಸಂಜೆ ನೀರು ಹಿಡಿಯಲು ಬಂದಾಗ ಅವರ ಮುಖ ನೋಡಲಾಗಲಿಲ್ಲ ನನಗೆ. ನೀವು ವಿಮಾನದವರು ತಾನೆ, ಮಗುವಿಗೊಂದು ವಿಮಾನ ಮಾಡಿಕೊಡಿ ಎಂದೆ. ಅದಕ್ಕೆ ಒಳ್ಳೆಯ ಮರ ಬೇಕು, ಅಳತೆ ಬೇಕು, ವಾರವಾದರೂ ಬೇಕು ಎಂದು ಶುರುಮಾಡಿದರು. ವಾರ ಎಲ್ಲಿದೆ ಅಣ್ಣ, ನಾಳೆ ಸಂಜೆ ಅವಳು ಹೇಳಬೇಕಲ್ಲ ಎಂದು ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.

ಮರುದಿನ ಬೆಳಿಗ್ಗೆ ನಮ್ಮ ಮನೆಯ ಹೊಸ್ತಿಲಲ್ಲೇ ಕೂತರು. ಸಾಮಾನೆಲ್ಲ ನಮ್ಮ ಮನೆಯದು. ನನ್ನ ಸೀರೆ ಬಂದಿದ್ದ ರಟ್ಟಿನ ಡಬ್ಬ, ಕಡ್ಡಿಪೊರಕೆಯಿಂದ ಎಳೆದ ಗಟ್ಟಿ ಕಡ್ಡಿಗಳು, ಹೊಲಿಗೆಯ ದಾರ, ಮೈದಾ ಕಾಯಿಸಿ ನಾನು ಮಾಡಿಕೊಟ್ಟ ಅಂಟು. ಕಡ್ಡಿಗಳನ್ನು ಸೇರಿಸಿ ದಾರ ಸುತ್ತಿ ಮೈ ಮಾಡಿದರು. ರಟ್ಟನ್ನು ಬ್ಲೇಡಿನಲ್ಲಿ ಕೊಯ್ದು ಉದ್ದದ ರೆಕ್ಕೆ, ಹಿಂದೆ ಗಿಡ್ಡ ರೆಕ್ಕೆ, ನಿಲ್ಲಿಸಿದ ಬಾಲ. ಇವರ ಕೈಗೆ ಇಷ್ಟು ವೇಗವಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಮಗು ಮೊದಲು ಅಜ್ಜನ ಹಿಂದಿನಿಂದ ನೋಡಿತು, ಆಮೇಲೆ ಪಕ್ಕಕ್ಕೆ ಬಂತು, ಆಮೇಲೆ ದಾರದ ಉಂಡೆ ಹಿಡಿದುಕೊಂಡು ಎದುರಿಗೇ ಕೂತುಬಿಟ್ಟಿತು. ನಾನು ಅನ್ನ ಬಸಿಯುವಷ್ಟರಲ್ಲಿ ವಿಮಾನ ಸಿದ್ಧ.

ಮೊದಲ ಸಲ ಎಸೆದಾಗ ಮೂತಿ ಮೇಲೆತ್ತಿ ಅಲ್ಲೇ ಕುಸಿಯಿತು. ಮುಂದೆ ಭಾರ ಸಾಲದು, ಏನಾದರೂ ಅಂಟಿಸಬೇಕು ಎಂದರು. ನಾನು ಕಲಸಿಟ್ಟಿದ್ದ ಚಪಾತಿ ಹಿಟ್ಟಿನಿಂದ ಒಂದು ಗೋಲಿಯಷ್ಟು ಕೊಟ್ಟೆ. ಮೂತಿಗೆ ಹಿಟ್ಟು ಮೆತ್ತಿದ್ದನ್ನು ಕಂಡು ಮಗು ಕಿಸಕ್ಕನೆ ನಕ್ಕಿತು. ಈ ಸಲ ಅವರು ಮಗುವಿನ ಕೈಯಲ್ಲೇ ವಿಮಾನ ಹಿಡಿಸಿ, ಹಿಂದಿನಿಂದ ತಾವೂ ಕೈ ಕೊಟ್ಟು ಬಿಟ್ಟರು. ಅದು ಹಾರಿತು ನೋಡಿ! ಅಂಗಳದ ಅರ್ಧ ದಾಟಿ, ನಲ್ಲಿಯ ಮೇಲೆ ಮೆಲ್ಲಗೆ ಎಡಕ್ಕೆ ವಾಲಿ, ಬಟ್ಟೆ ಒಣಹಾಕಿದ್ದ ಹಗ್ಗದ ಕೆಳಗೆ ನುಸುಳಿ, ಸುತ್ತಿಕೊಂಡು ಬಂದು ಮಗುವಿನ ಕಾಲಿನ ಹತ್ತಿರವೇ ಇಳಿಯಿತು. ಮಗು ಕುಣಿದಾಡಿಬಿಟ್ಟಿತು. ಹೋಗಿದ್ದು ವಾಪಸು ಬಂತು, ನನ್ನ ಹತ್ತಿರವೇ ಬಂತು ಎಂದು ಅಜ್ಜನಿಗೆ, ನನಗೆ, ನೀರು ಹಿಡಿಯುತ್ತಿದ್ದವರಿಗೆಲ್ಲ ಹೇಳಿತು. ಮತ್ತೆ ಎಸೆದರು, ಮತ್ತೆ ಹಾಗೇ ಸುತ್ತಿ ಬಂತು.

"ಅಪ್ಪಾ, ಇನ್ನೊಂದ್ ಸಲ," ಎಂದಿತು ಮಗು.

ಅಪ್ಪಾ ಎಂದದ್ದು ಅದೇ ಮೊದಲು. ನಾನು ಒಲೆಯ ಮೇಲಿನ ಸಾರು ಮರೆತು ಬಾಗಿಲಲ್ಲಿ ನಿಂತಿದ್ದೆ. ಅಜ್ಜ ಕಣ್ಣೊರೆಸಿಕೊಂಡರು. ಇನ್ನೇನು, ಮಗು ಉಳಿಯಿತು, ನನ್ನ ಮನೆಯಲ್ಲಿ ಗೆಜ್ಜೆ ಸದ್ದು ಕೇಳಿಸುತ್ತದೆ ಎಂದು ನಾನು ಆಗಲೇ ಲೆಕ್ಕ ಹಾಕಿಬಿಟ್ಟಿದ್ದೆ.

ಅವರು ವಿಮಾನವನ್ನು ನೆಲದಿಂದ ಎತ್ತಿಕೊಂಡರು. ಒಂದು ಕಣ್ಣು ಮುಚ್ಚಿದರು. ರೆಕ್ಕೆಯ ಉದ್ದಕ್ಕೂ ನೋಡಿದರು. ಅಂಟಿನ ತೇವಕ್ಕೆ ಒಂದು ಕಡೆಯ ರಟ್ಟು ಕೂದಲೆಳೆಯಷ್ಟು ಸೊಟ್ಟಗಾಗಿತ್ತು. ಎಡಕ್ಕೆ ಎಳೆಯುತ್ತಿದೆ, ಇದು ಸರಿಯಿಲ್ಲ ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಹೇಳುತ್ತಲೇ ಎರಡೂ ಕೈಯಲ್ಲಿ ಹಿಡಿದು ಲಟಕ್ಕೆಂದು ಮುರಿದರು. ಮುರಿದದ್ದನ್ನು ಪಕ್ಕಕ್ಕೆಸೆದು ರಟ್ಟಿನ ಡಬ್ಬಕ್ಕೆ ಕೈ ಹಾಕಿದರು.

"ಇದಕ್ಕಿಂತ ಚೆನ್ನಾಗಿರೋದು ಮಾಡ್ಕೊಡ್ತೀನಿ ಇರು," ಎಂದರು ಮಗುವಿಗೆ. ಮುಖದಲ್ಲಿ ಎಂಥ ಸಂತೋಷ ಅಂತೀರಿ!

ಮಗು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿರುತ್ತಿತ್ತು. ಹಿಂದೆ ಹಿಂದೆ ಸರಿದು ಹೋಗಿ ಅಜ್ಜನ ಪಂಚೆ ಹಿಡಿದುಕೊಂಡಿತು. ಇವರಿಗೆ ಅದು ಕಾಣಿಸಲೇ ಇಲ್ಲ. ಬಗ್ಗಿ ಕೂತು ಎರಡನೆಯದನ್ನು ಮಾಡಿದರು. ಅಂಟು ಒಣಗುವವರೆಗೂ ಕಾದರು. ಆ ವಿಮಾನ ದಾರ ಹಿಡಿದಂತೆ ನೆಟ್ಟಗೆ ಅಂಗಳ ದಾಟಿ, ಕಾಂಪೌಂಡಿನ ಮೇಲೆ ಹಾದು, ಆಚೆಯ ಖಾಲಿ ಸೈಟಿನಲ್ಲಿ ಇಳಿಯಿತು. ವಠಾರದವರು ಚಪ್ಪಾಳೆ ತಟ್ಟಿದರು. ಅವರೇ ಓಡಿ ಹೋಗಿ ತಂದು ಮಗುವಿನ ಮುಂದೆ ಹಿಡಿದರು. ಮಗು ಕೈ ಚಾಚಲಿಲ್ಲ.

ಮಧ್ಯಾಹ್ನ ನಾನು ಅದರ ಜಡೆ ಬಿಚ್ಚಿ ಎಣ್ಣೆ ಹಚ್ಚುತ್ತಿದ್ದೆ. ಮನೆಯಲ್ಲಿ ನಾವಿಬ್ಬರೇ. ಮಗು ಮೆಲ್ಲಗೆ ಕೇಳಿತು.

"ಆಂಟಿ, ನಂಗೆ ಸೊನ್ನೆ ಬರಿಯಾಕೆ ಬರಲ್ಲ. ಸೊಟ್ಟ ಆಗ್ತತಿ."

"ಆದ್ರೆ ಆಗ್ಲಿ ಬಿಡು ಪುಟ್ಟ. ಕಲಿತರೆ ಬರುತ್ತೆ."

"ಅಪ್ಪ ನೋಡಿದ್ರೆ ಏನ್ ಮಾಡ್ತಾರೆ?"

ಏನೂ ಮಾಡುವುದಿಲ್ಲ, ಅಪ್ಪ ತುಂಬಾ ಒಳ್ಳೆಯವರು, ವಿಮಾನದ ವಿಷಯ ಬೇರೆ ಎಂದು ಏನೇನೋ ಹೇಳಿದೆ. ಮಗು ತಲೆಯಾಡಿಸಿತು. ನಂಬಲಿಲ್ಲವೆಂದು ಗೊತ್ತಾಗುತ್ತಿತ್ತು.

ಸಂಜೆ ಅಜ್ಜ ಎಲ್ಲರ ಎದುರಿಗೆ ಕೇಳಿದರು. "ಏನವ್ವಾ, ಅಪ್ಪನ ಹತ್ರ ಇರ್ತೀಯೋ, ನನ್ ಜೊತೆ ಊರಿಗೆ ಬರ್ತೀಯೋ? ನಿನ್ ಮನ್ಸಿಗೆ ಬಂದಂಗೆ ಹೇಳು." ಮಗು ಅಪ್ಪನ ಕಡೆ ನೋಡದೆ, ಊರಿಗೆ ಎಂದಿತು. ಅಣ್ಣ "ಆತು" ಎಂದರು. ಇಷ್ಟು ವರ್ಷ ಬೆಂಗಳೂರಲ್ಲಿದ್ದು ಬೆಂಗಳೂರಿನ ಮಾತನ್ನೇ ಆಡುತ್ತಿದ್ದವರ ಬಾಯಲ್ಲಿ ಊರಿನ ಮಾತು ಬಂದದ್ದನ್ನು ನಾನು ಕೇಳಿದ್ದು ಆಗಲೇ. ಎದ್ದು ಒಳಗೆ ಹೋಗಿ ಎಲ್ಲರಿಗೂ ಕಾಫಿ ಮಾಡಿ ತಂದರು. ಸಕ್ಕರೆ ಹಾಕುವುದನ್ನು ಮರೆತಿದ್ದರು. ಎಲ್ಲರೂ ಹಾಗೇ ಕುಡಿದೆವು.

ಮರುದಿನ ಬಸ್‌ಸ್ಟ್ಯಾಂಡಿಗೆ ಅವರೇ ಚೀಲ ಹೊತ್ತು ಬಿಟ್ಟು ಬಂದರು. ಪೇಪರಿನಲ್ಲಿ ಸುತ್ತಿ ಕೊಂಡೊಯ್ದಿದ್ದ ಎರಡನೆಯ ವಿಮಾನ ಅವರ ಕೈಯಲ್ಲೇ ವಾಪಸು ಬಂತು. ವಠಾರದ ಮಕ್ಕಳಿಗೆ ಕೊಟ್ಟರು. ಅವು ಅದನ್ನು ಸಂಜೆಯೊಳಗೆ ಯಾವುದೋ ಮಹಡಿಯ ಮೇಲೆ ಹತ್ತಿಸಿ ಕಳೆದುಹಾಕಿದವು.

ನನಗೆ ತಡೆಯಲಾಗಲಿಲ್ಲ. ಆ ಭಾನುವಾರ ಹೊಸ್ತಿಲ ಮೇಲೆ ಕೂತಿದ್ದವರ ಹತ್ತಿರ ಹೋಗಿ ಸೊನ್ನೆಯ ಮಾತನ್ನು ಹೇಳಿಬಿಟ್ಟೆ. ಅವರು ತಮ್ಮ ಕೈಗಳನ್ನು ನೋಡಿಕೊಂಡರು. ಅವಳಿಗೆ ಒಳ್ಳೆಯದನ್ನೇ ಕೊಡೋಣವೆಂದು ಮುರಿದೆನಲ್ಲ ಎಂದರು. ಅಷ್ಟೇ.

ಆಮೇಲೆ ಆ ಮನುಷ್ಯ ಯಾವುದಕ್ಕೂ ಸರಿಯಿಲ್ಲ ಎಂದದ್ದನ್ನು ನಾನು ಕೇಳಲಿಲ್ಲ. ಕಾರ್ಖಾನೆಯಲ್ಲಿ ಹೇಳುತ್ತಿದ್ದರೇನೋ, ನಮ್ಮ ಅಂಗಳದಲ್ಲಿ ಇಲ್ಲ. ಲೋಟ ಅಲ್ಲಾಡಿದರೂ ಸುಮ್ಮನೆ ಕುಡಿದು ಕೆಳಗಿಡುತ್ತಿದ್ದರು. ನಾನು ಬೇಕೆಂದೇ ರಂಗೋಲಿಯಲ್ಲಿ ಚುಕ್ಕಿ ತಪ್ಪಿಸಿ ಕಾದೆ. ಡಬ್ಬಿ ಹಿಡಿದು ದಾಟಿ ಹೋದರು. ಅವರು ನಿಂತದ್ದು ನನಗೆ ಕಂಡಿತು, ಮತ್ತೆ ನಡೆದದ್ದೂ ಕಂಡಿತು. ಒಂದು ಕಾಲದಲ್ಲಿ ಆ ಮಾತಿಗೆ ಉರಿದುಬೀಳುತ್ತಿದ್ದ ನನಗೆ ಅವತ್ತು, ದೇವರೇ, ಒಂದು ಸಲ ಬೈಯಬಾರದೇ ಈ ಮಹಾರಾಯ ಎನಿಸಿತು.

ಮುಂದಿನ ಬೇಸಿಗೆಗೆ ನಾನು ಮತ್ತೆ ಒತ್ತಾಯ ಮಾಡಿದೆ. ಮಗು ಒಂದು ವರ್ಷ ದೊಡ್ಡದಾಗಿದೆ, ಮರೆತಿರುತ್ತದೆ, ಇನ್ನೊಮ್ಮೆ ಕರೆಯಿರಿ ಅಣ್ಣ ಎಂದೆ. ಅವರು ಬೇಡವೆಂದು ತಲೆಯಾಡಿಸಿದರು.

"ಒಂದ್ಸಲ ರಿಜೆಕ್ಟ್ ಆದದ್ದನ್ನ ಮತ್ತೆ ಅದೇ ಟೇಬಲ್ ಮೇಲೆ ತಂದಿಡಬಾರದು ಕಣಮ್ಮ. ಅದು ನ್ಯಾಯ ಅಲ್ಲ."

ಏನು ಹೇಳುತ್ತಿದ್ದಾರೆಂದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ರಿಜೆಕ್ಟ್ ಆದದ್ದು ಎಂದು ಅವರು ಹೇಳಿದ್ದು ಮಗುವನ್ನಲ್ಲ, ತಮ್ಮನ್ನೇ. ಇದೆಂಥ ಹುಚ್ಚು, ಮನುಷ್ಯರನ್ನು ಹಾಗೆಲ್ಲ ನೋಡುತ್ತಾರಾ ಎಂದು ರೇಗಿದೆ. ವಾದ ಮಾಡಲಿಲ್ಲ ಅವರು. ಪ್ರತಿ ವರ್ಷ ಪಂಚಮಿ ಹಬ್ಬಕ್ಕೆ ರಜೆ ಹಾಕಿ ದಾವಣಗೆರೆಗೆ ಹೋಗುತ್ತಿದ್ದರು. ಮಗಳಿಗೆ ಬಟ್ಟೆ, ಬಳೆ, ಅಂಗಡಿಯಲ್ಲಿ ಕೊಂಡ ಆಟದ ಸಾಮಾನು. ಕೈಯಲ್ಲಿ ಮಾಡಿದ್ದು ಒಂದೂ ಇಲ್ಲ. ಹೋದ ಮರುದಿನವೇ ತಿರುಗಿ ಬರುತ್ತಿದ್ದರು.

ನಾವು ವಿಜಯನಗರದಲ್ಲಿ ಮನೆ ಕಟ್ಟಿಕೊಂಡು ಹೋದೆವು. ನನಗೂ ಇಬ್ಬರು ಮಕ್ಕಳಾದರು. ಅವರು ನಿವೃತ್ತಿಯ ತನಕ ಆ ವಠಾರದಲ್ಲೇ ಇದ್ದು, ಆಮೇಲೆ ಕೆಂಗೇರಿಯ ಉಪನಗರದಲ್ಲಿ ಒಂದು ಚಿಕ್ಕ ಮನೆ ಮಾಡಿದರು. ಮಗಳು ದಾವಣಗೆರೆಯಲ್ಲೇ ಓದಿ, ಅಲ್ಲೇ ಕೆಲಸ ಹಿಡಿದು, ಅಲ್ಲೇ ಮದುವೆಯಾದಳು. ಧಾರೆಯಲ್ಲಿ ಇವರೇ ನಿಂತು ಕೊಟ್ಟರು, ಛತ್ರದಲ್ಲಿ ನೆಂಟರ ಹಾಗೆ ಮೂಲೆಯಲ್ಲಿ ಕೂತು ಊಟ ಮಾಡಿದರು. ನಾನು ಆಗಾಗ ಕೆಂಗೇರಿಗೆ ಹೋಗುತ್ತಿದ್ದೆ. ಮನೆಯಲ್ಲಿ ಎಲ್ಲವೂ ನೆಟ್ಟಗೆ. ಒಬ್ಬರೇ ಇದ್ದರೆ ಸೊಟ್ಟ ಮಾಡುವವರಾದರೂ ಯಾರು? ಹೊರಡುವಾಗ ಬಸ್‌ಸ್ಟಾಪಿನವರೆಗೂ ಬಂದು, ಬಸ್ಸು ಹೊರಟ ಮೇಲೂ ನಿಂತಿರುತ್ತಿದ್ದರು. ನನಗೆ ಹಿಂದೆ ತಿರುಗಿ ನೋಡಲು ಸಂಕಟವಾಗುತ್ತಿತ್ತು, ನೋಡುತ್ತಿದ್ದೆ.

ಅವರು ತೀರಿಕೊಂಡ ಮೇಲೆ ನಡೆದ ಶಿವಗಣಾರಾಧನೆಯ ದಿನ ಮಗಳು ನನ್ನನ್ನು ಗುರುತು ಹಿಡಿದು ಪಕ್ಕದಲ್ಲಿ ಬಂದು ಕೂತಳು. ತಲೆಯಲ್ಲಿ ಬಿಳಿ ಕೂದಲು, ಕನ್ನಡಕ. ತಂದೆಯದೇ ತೆಳುವಾದ ಬೆರಳು. ಊರಿನ ಮಾತೆಲ್ಲ ಮುಗಿದ ಮೇಲೆ ಕೇಳಿದಳು.

"ಆಂಟಿ, ನೀವು ಎದುರುಮನೇಲೇ ಇದ್ರಲ್ಲ. ಅಪ್ಪ ನನ್ನ ಯಾಕೆ ತಮ್ಮ ಹತ್ರ ಇಟ್ಕೊಳ್ಳಲಿಲ್ಲ?"

ವಿಮಾನ ನೆನಪಿಲ್ಲವಾ ಎಂದು ಕೇಳಿದೆ. ಯಾವ ವಿಮಾನ ಎಂದಳು. ಅಂಗಳ, ರಟ್ಟಿನ ಡಬ್ಬ, ಮೂತಿಗೆ ಮೆತ್ತಿದ ಹಿಟ್ಟು, ಸೊನ್ನೆ, ಒಂದೊಂದಾಗಿ ಹೇಳುತ್ತಾ ಹೋದೆ. ಅವಳಿಗೆ ಒಂದೂ ನೆನಪಿರಲಿಲ್ಲ. ಬೆಂಗಳೂರಿಗೆ ಬಂದಿದ್ದೆ ಎಂಬುದಷ್ಟೇ ಮಸುಕಾಗಿ ಗೊತ್ತು. ಆ ಮನುಷ್ಯ ಆಯುಷ್ಯವೆಲ್ಲ ಹೊತ್ತುಕೊಂಡು ತಿರುಗಿದ ಆ ಒಂದು ಲಟಕ್ಕೆಂಬ ಸದ್ದು ಇವಳ ಕಿವಿಯಲ್ಲಿ ಒಂದು ವರ್ಷವೂ ಉಳಿದಿರಲಿಲ್ಲ. ನನಗೆ ಅಲ್ಲೇ ತಲೆ ಚಚ್ಚಿಕೊಳ್ಳುವಂತಾಯಿತು.

ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು.

"ಪಂಚಮಿಗೆ ಅಂತ ಅಪ್ಪ ಬರ್ತಿದ್ರಲ್ಲ," ಎಂದಳು. "ಈ ಸಲ ಬಾ ಅಂತ ಕರೀತಾರೆ ಅಂತ ನಾನು ಬಟ್ಟೆ ಎಲ್ಲ ಚೀಲಕ್ಕೆ ತುಂಬಿಟ್ಕೊಂಡು ಬಾಗಿಲ ಹಿಂದೆ ನಿಂತಿರ್ತಿದ್ದೆ. ಪ್ರತಿ ವರ್ಷ. ಅಜ್ಜಿ ಕೈಗೆ ಪೊಟ್ಟಣ ಕೊಟ್ಟು, ಉಂಡು, ಬರ್ತೀನವ್ವ ಅಂತ ಹೋಗ್ಬಿಡೋರು."

ಒಳಗಿನಿಂದ ಯಾರೋ ಎಲೆ ಹಾಕಿದೆ, ಊಟಕ್ಕೆ ಏಳಿ ಎಂದು ಕರೆದರು. ನಾವಿಬ್ಬರೂ ಏಳಲಿಲ್ಲ.